ತೂಕ ನೋಡದವರ ಕೈಗೆ ಹೊಟ್ಟೆ ಕೊಟ್ಟೆ

ಹೊಟ್ಟೆಯ ಕೊಬ್ಬು ತೆಗೆಸಲು ಬೆಳಿಗ್ಗೆ ಹೋದವಳು ಅದೇ ರಾತ್ರಿ ಬೇರೊಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ, ಎದೆ ತುಂಬ ಇಸಿಜಿ ವೈರ್ ಅಂಟಿಸಿಕೊಂಡು ಮಲಗಿದ್ದೆ. ಜೀವಕ್ಕೇನೂ ಆಗಲಿಲ್ಲ. ಅದು ನನ್ನ ಅದೃಷ್ಟ, ಆ ಕ್ಲಿನಿಕ್‌ನವರ ಜಾಣತನ ಅಲ್ಲ. ಲೈಪೋಸಕ್ಷನ್ನೋ (ಹೀಗೆ ಕೊಬ್ಬು ಎಳೆದು ತೆಗೆಯುವುದಕ್ಕೆ ಅದೇ ಹೆಸರು), ಮೂಗಿನ ಸರ್ಜರಿಯೋ, ಏನೋ ಒಂದು ಮಾಡಿಸಿಕೊಳ್ಳಬೇಕು ಅಂತ ಯೋಚಿಸುತ್ತಿರುವವರು ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದಿ. "ಇದೆಲ್ಲ ಬೇಕಿತ್ತಾ ನಿನಗೆ" ಅನ್ನುವ ಮಾತು ಮನೆಯಲ್ಲೇ ಬೇಕಾದಷ್ಟು ಕೇಳಿದ್ದೇನೆ, ನೀವೂ ಶುರು ಮಾಡಬೇಡಿ.

ಮೊದಲ ದಿನ ಹೋದಾಗ ಡಾಕ್ಟರ್ ಸಿಗಲೇ ಇಲ್ಲ. ಕೌನ್ಸೆಲರ್ ಅಂತ ಒಬ್ಬರು ಕೂರಿಸಿಕೊಂಡು ಮಾತಾಡಿದರು. ಟೇಪು ಹಿಡಿದು ಸೊಂಟ ಅಳೆದರು, ಆ ಕಡೆ ಈ ಕಡೆ ತಿರುಗಿಸಿ ಫೋಟೋ ತೆಗೆದರು, ಟ್ಯಾಬ್‌ನಲ್ಲಿ ಯಾರ್ಯಾರದೋ ಹೊಟ್ಟೆ ಮೊದಲು ಹೇಗಿತ್ತು ಆಮೇಲೆ ಹೇಗಾಯಿತು ಅಂತ ತೋರಿಸಿದರು. ಇವತ್ತೇ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ, ನಾಳೆ ಆದರೆ ಇಲ್ಲವಂತೆ. ಸರ್ಜರಿಗೆ ಎಂಥಾ ರಿಯಾಯಿತಿ, ಸೀರೆ ಅಂಗಡಿಯೇ ಇದು ಅಂತ ನನಗೆ ಆಗಲೇ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಕಟ್ಟಿಬಿಟ್ಟೆ. ಇಷ್ಟೆಲ್ಲ ಆಗುವಾಗ ತೂಕದ ಮಷೀನ್ ಮೇಲೆ ಮಾತ್ರ ಯಾರೂ ಹತ್ತಿಸಲಿಲ್ಲ. ಒಳಗೊಳಗೇ ಖುಷಿಯೇ ಆಯಿತು ಅನ್ನಿ, ತೂಕ ನೋಡಿಸಿಕೊಳ್ಳುವುದು ಯಾರಿಗೆ ಇಷ್ಟ?

ಸರ್ಜರಿ ದಿನ ಮೊದಲು ಒಂದು ಮಾತ್ರೆ ನುಂಗಿಸಿದರು. ಕಣ್ಣು ಎಳೆಯಲು ಶುರುವಾದ ಮೇಲೆ ಒಪ್ಪಿಗೆ ಪತ್ರ ತಂದು ಕೈಗೆ ಪೆನ್ನು ಕೊಟ್ಟರು. ಎಂಟೋ ಒಂಬತ್ತೋ ಪುಟ ಇತ್ತು. ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ, ಕೊನೆಯ ಸಹಿ ಗೆರೆ ದಾಟಿ ಕೆಳಗೆ ಜಾರಿತ್ತು. ಮಲಗಿಸಿದ ರೂಮಿನ ಮೂಲೆಯಲ್ಲಿ ಒಂದು ಆಕ್ಸಿಜನ್ ಸಿಲಿಂಡರ್ ನಿಂತಿತ್ತು. ಅದರ ಮೇಲೆ ಯಾರೋ ಒದ್ದೆ ಟವೆಲ್ ಒಣಹಾಕಿದ್ದರು. ಅರ್ಧ ಮಂಪರಿನಲ್ಲಿ ನೋಡಿದ್ದು, ಆದರೂ ಆ ಟವೆಲ್‌ನ ನೀಲಿ ಅಂಚು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅರಿವಳಿಕೆ ಡಾಕ್ಟರ್ ಯಾರು ಅಂತ ಕೇಳಿದ್ದಕ್ಕೆ "ಇದು ಆ ಜಾಗ ಮಾತ್ರ ಮರಗಟ್ಟಿಸಿ ಲೋಕಲ್‌ನಲ್ಲೇ ಆಗುತ್ತೆ ಮೇಡಂ, ಅವರೆಲ್ಲ ಬೇಕಿಲ್ಲ" ಅಂದರು. ಸಂಜೆ ಬಿಗಿ ಬೆಲ್ಟ್ ಹಾಕಿ ಮನೆಗೆ ಕಳಿಸಿದರು.

ರಾತ್ರಿ ಹತ್ತರ ಹೊತ್ತಿಗೆ ತುಟಿಯ ಸುತ್ತ ಜೋಮು ಹಿಡಿದ ಹಾಗೆ ಆಯಿತು. ಬಾಯಲ್ಲಿ ಕಬ್ಬಿಣ ನೆಕ್ಕಿದಂಥ ರುಚಿ. ಆಮೇಲೆ ಕಿವಿಯಲ್ಲಿ ಗುಂಯ್ ಅನ್ನುವ ಶಬ್ದ, ಕೈ ನಡುಕ. ಸುಸ್ತಿಗೆ ಹೀಗಾಗುತ್ತಿದೆ ಅಂದುಕೊಂಡೆ. ತಂಗಿ ಜೊತೆಗಿದ್ದಳು, "ಅಕ್ಕಾ, ಲೋಟ ಹಿಡಿಯೋಕೂ ಆಗ್ತಿಲ್ಲ ನಿನಗೆ, ಇದು ಸುಸ್ತಲ್ಲ" ಅಂತ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಕೌನ್ಸೆಲರ್ ನಂಬರಿಗೆ ಮೆಸೇಜ್ ಹಾಕಿದರೆ ಬೆಳಿಗ್ಗೆ ಬನ್ನಿ ಅಂತ ಉತ್ತರ, ಜೊತೆಗೊಂದು ನಗುವ ಮುಖ.

ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನರ್ಸ್ ಮಾಡಿದ ಮೊದಲ ಕೆಲಸ ನನ್ನನ್ನು ತೂಕದ ಮಷೀನ್ ಮೇಲೆ ನಿಲ್ಲಿಸಿದ್ದು. 64 ಕೆಜಿ. ಡ್ಯೂಟಿ ಡಾಕ್ಟರ್ ಕೇಳಿದ್ದು ಎರಡೇ ಪ್ರಶ್ನೆ. ಮರಗಟ್ಟಿಸುವ ಔಷಧಿ ಲಿಗ್ನೋಕೇನ್ ಎಷ್ಟು ಕೊಟ್ಟಿದ್ದಾರೆ? ಎಷ್ಟು ಲೀಟರ್ ತೆಗೆದಿದ್ದಾರೆ? ನನ್ನ ಹತ್ತಿರ ಇದ್ದದ್ದು ದುಡ್ಡು ಕಟ್ಟಿದ ರಸೀತಿ ಮತ್ತು ಬೆಲ್ಟ್ ಒಗೆಯುವುದು ಹೇಗೆ ಅನ್ನುವ ಚೀಟಿ.

ಅವತ್ತು ಅವರು ಬಿಡಿಸಿ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕೊಬ್ಬು ಎಳೆಯುವ ಮೊದಲು ಆ ಜಾಗಕ್ಕೆ ಸಲೈನ್ ತುಂಬುತ್ತಾರೆ, ಅದರಲ್ಲಿ ಮರಗಟ್ಟಿಸುವ ಲಿಗ್ನೋಕೇನ್ (ಕೆಲವು ಕಡೆ ಲಿಡೋಕೇನ್ ಅಂತಾರೆ), ರಕ್ತ ಜಾಸ್ತಿ ಹೋಗದ ಹಾಗೆ ಅಡ್ರಿನಲಿನ್ ಬೆರೆಸಿರುತ್ತಾರೆ. ಅದರಲ್ಲಿ ಒಂದಷ್ಟು ಹೊರಗೆ ಬರುತ್ತೆ, ಉಳಿದದ್ದು ನಿಧಾನಕ್ಕೆ ರಕ್ತಕ್ಕೆ ಸೇರುತ್ತೆ. ಹತ್ತು ಹನ್ನೆರಡು ಗಂಟೆ ಆದ ಮೇಲೂ ರಕ್ತದಲ್ಲಿ ಅದರ ಮಟ್ಟ ಏರುತ್ತಿರಬಹುದು. ಅಂದರೆ ಅಪಾಯ ಬರುವ ಹೊತ್ತಿಗೆ ನೀವು ಮನೆಯಲ್ಲಿರುತ್ತೀರಿ, ಅವರು ಬಾಗಿಲು ಹಾಕಿಕೊಂಡು ಹೋಗಿರುತ್ತಾರೆ. ಜಾಸ್ತಿ ಆದರೆ ಮೊದಲು ಬಾಯಿ ಜೋಮು, ಕಿವಿ ಗುಂಯ್. ಇನ್ನೂ ಏರಿದರೆ ಫಿಟ್ಸ್, ಹೃದಯದ ಬಡಿತ ತಪ್ಪುವುದು. ಅದಕ್ಕೆ ಕೊಡುವ ಔಷಧಿ 20 ಪರ್ಸೆಂಟ್ ಲಿಪಿಡ್ ಎಮಲ್ಷನ್, ನೋಡಲು ಹಾಲಿನ ಹಾಗಿರುತ್ತೆ, ಡ್ರಿಪ್‌ನಲ್ಲಿ ಹಾಕುತ್ತಾರೆ. ನನ್ನ ಹಾಸಿಗೆ ಪಕ್ಕ ತಂದಿಟ್ಟಿದ್ದರು, ಹಾಕುವ ಪರಿಸ್ಥಿತಿ ಬರಲಿಲ್ಲ. ಈ ಲಿಗ್ನೋಕೇನ್ ಲೆಕ್ಕ ಪೂರ್ತಿ ನಿಂತಿರುವುದು ತೂಕದ ಮೇಲೆ. ಲೈಪೋಸಕ್ಷನ್‌ನಲ್ಲಿ ಕೆಜಿಗೆ 35 ಮಿಲಿಗ್ರಾಂ ದಾಟಬಾರದು ಅನ್ನುವ ಮಿತಿಯನ್ನು ತುಂಬಾ ಸರ್ಜನ್‌ಗಳು ಪಾಲಿಸುತ್ತಾರೆ. ನನ್ನ ತೂಕವನ್ನೇ ನೋಡದವರು ಯಾವ ಲೆಕ್ಕ ಹಾಕಿದರೋ!

ಆಮೇಲೆ ಮನೆಯಲ್ಲಿ ಮಲಗಿಕೊಂಡು, ಮೊದಲೇ ಮಾಡಬೇಕಿದ್ದ ವಿಚಾರಣೆಯನ್ನೆಲ್ಲ ಮಾಡಿದೆ. ನನಗೆ ಕೊಬ್ಬು ತೆಗೆದವರ ಹೆಸರು ಮೆಡಿಕಲ್ ಕೌನ್ಸಿಲ್ ರಿಜಿಸ್ಟರ್‌ನಲ್ಲಿ ಇತ್ತು, ಡಾಕ್ಟರೇ. ಆದರೆ ಪ್ಲಾಸ್ಟಿಕ್ ಸರ್ಜರಿ ಓದಿರಲಿಲ್ಲ. ಗೋಡೆ ಮೇಲೆ ಫ್ರೇಮ್ ಹಾಕಿ ನೇತುಹಾಕಿದ್ದೆಲ್ಲ ಎರಡು ದಿನದ, ಮೂರು ದಿನದ ಕಾರ್ಯಾಗಾರಕ್ಕೆ ಹಾಜರಾಗಿದ್ದಕ್ಕೆ ಕೊಟ್ಟ ಸರ್ಟಿಫಿಕೇಟು. ಪ್ಲಾಸ್ಟಿಕ್ ಸರ್ಜನ್ ಆಗಲು ಡಾಕ್ಟರ್ ಆದ ಮೇಲೆ ಮತ್ತೆ ವರ್ಷಗಟ್ಟಲೆ ಸರ್ಜರಿ ತರಬೇತಿ ಬೇಕು, ಪರೀಕ್ಷೆ ಪಾಸಾಗಬೇಕು. ಕಾಸ್ಮೆಟಿಕ್ ಸರ್ಜನ್ ಅನ್ನುವ ಬೋರ್ಡಿಗೆ ಎಷ್ಟೋ ದೇಶಗಳಲ್ಲಿ ಅಂಥ ಕಟ್ಟುಪಾಡೇ ಇಲ್ಲ. ಎರಡೂ ಒಂದೇ ಅಂದುಕೊಂಡಿದ್ದೆ ನಾನು. ಹಾಗಾಗಿ ಹೆಸರು ಇದೆಯಾ ಅಂತ ನೋಡಿದರೆ ಸಾಲದು, ಯಾವ ವಿಭಾಗದ ತಜ್ಞರು ಅಂತ ಎಲ್ಲಿ ದಾಖಲಾಗಿದೆ ಅನ್ನುವುದನ್ನೂ ನೋಡಿ. ಇನ್ನೊಂದು ಪ್ರಶ್ನೆ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ: ಇದೇ ಆಪರೇಷನ್ ಮಾಡಲು ನಿಮಗೆ ಯಾವ ದೊಡ್ಡ ಆಸ್ಪತ್ರೆ ಅನುಮತಿ ಕೊಟ್ಟಿದೆ ಅಂತ ಕೇಳಿ. ಕ್ಲಿನಿಕ್ ತಮ್ಮದೇ ಆದರೆ ಅಲ್ಲಿ ತಡೆಯುವವರು ಯಾರೂ ಇರುವುದಿಲ್ಲ. ಆಸ್ಪತ್ರೆಯವರಾದರೆ ಓದು, ಅನುಭವ ಎಲ್ಲ ಪರಿಶೀಲಿಸಿಯೇ ಒಳಗೆ ಬಿಡುತ್ತಾರೆ.

ಜಾಗದ ವಿಷಯಕ್ಕೆ ಬಂದರೆ, ಸೋಫಾ, ಎಸಿ, ಹೂದಾನಿ ನೋಡಿ ಮರುಳಾಗಬೇಡಿ. ಆಪರೇಷನ್ ರೂಮು ತೋರಿಸಿ ಅನ್ನಿ. ಅರಿವಳಿಕೆ ತಜ್ಞರು ಶುರುವಿನಿಂದ ಕೊನೆಯವರೆಗೂ ಪಕ್ಕದಲ್ಲೇ ಇರುತ್ತಾರಾ, ಹೃದಯಕ್ಕೆ ಶಾಕ್ ಕೊಡುವ ಮಷೀನ್ ಇದೆಯಾ, ಆ ಹಾಲಿನಂಥ ಔಷಧಿ ಇಟ್ಟಿದ್ದಾರಾ, ಏನಾದರೂ ಆದರೆ ಯಾವ ಆಸ್ಪತ್ರೆಗೆ ಸಾಗಿಸುತ್ತಾರೆ, ಆ ಆಸ್ಪತ್ರೆ ಜೊತೆ ಮೊದಲೇ ಮಾತಾಗಿದೆಯಾ, ಎಲ್ಲವನ್ನೂ ಕೇಳಿ. ಐದು ಲೀಟರ್‌ಗಿಂತ ಜಾಸ್ತಿ ತೆಗೆಯುವುದಾದರೆ ಒಂದು ರಾತ್ರಿಯಾದರೂ ಆಸ್ಪತ್ರೆಯಲ್ಲೇ ಉಳಿಸಿಕೊಂಡು ನಿಗಾ ಇಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಆಪರೇಷನ್‌ಗೆ ಒಂದು ಸುರಕ್ಷತಾ ಪಟ್ಟಿ ಹೊರಡಿಸಿದೆ. ಅರಿವಳಿಕೆ ಕೊಡುವ ಮೊದಲು, ಚಾಕು ಇಡುವ ಮೊದಲು, ರೋಗಿಯನ್ನು ಹೊರಗೆ ಕರೆತರುವ ಮೊದಲು, ಹೀಗೆ ಮೂರು ಸಲ ನಿಂತು ಗಟ್ಟಿಯಾಗಿ ಓದಿ ನೋಡಿಕೊಳ್ಳುವಂಥದ್ದು. ಮೊದಲನೆಯ ಹಂತದಲ್ಲೇ ರೋಗಿಯ ಹೆಸರು, ಯಾವ ಆಪರೇಷನ್, ಯಾವ ಜಾಗ, ಒಪ್ಪಿಗೆ ಇದೆಯಾ ಅಂತ ಕೇಳಬೇಕು. ನನಗೆ ಅಲ್ಲಿ ಯಾರೂ ಹೆಸರು ಸಹ ಕೇಳಲಿಲ್ಲ. ನಿಮ್ಮಲ್ಲಿ ಆ ಪಟ್ಟಿ ಬಳಸುತ್ತೀರಾ ಅಂತ ಕೇಳಿದಾಗ ಮುಖ ಸಿಂಡರಿಸುವವರ ಹತ್ತಿರ ಹೋಗಲೇಬೇಡಿ.

ಇಷ್ಟೆಲ್ಲ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅನ್ನುವ ಸಂಕೋಚ ನನಗೂ ಇತ್ತು. ಆಮೇಲೆ ತೋರಿಸಿದ ಪ್ಲಾಸ್ಟಿಕ್ ಸರ್ಜನ್ ಒಬ್ಬರು, ನಾನು ಬಾಯಿ ಬಿಡುವ ಮೊದಲೇ ಎಲ್ಲ ಹೇಳಿದರು, ಹೊಟ್ಟೆಯ ಎಡಗಡೆ ಉಳಿದಿರುವ ಗುಂಡಿ ಪೂರ್ತಿ ಸರಿಹೋಗಲ್ಲ ಅನ್ನುವುದನ್ನೂ ಸೇರಿಸಿ.

ಆಪರೇಷನ್ ದಾಖಲೆಯ ಪ್ರತಿ ಬೇಕು ಅಂತ ಕ್ಲಿನಿಕ್ಕಿಗೆ ಮೂರು ಸಲ ಬರೆದೆ. ಹನ್ನೊಂದು ದಿನ ಆದ ಮೇಲೆ ಒಂದೇ ಒಂದು ಹಾಳೆ ಬಂತು. ಲಿಗ್ನೋಕೇನ್ 2600 ಮಿಲಿಗ್ರಾಂ ಅಂತಿತ್ತು. ಕೆಜಿಗೆ 35ರ ಲೆಕ್ಕದಲ್ಲಿ 64 ಕೆಜಿಗೆ 2240 ದಾಟಬಾರದು. ಆದರೆ ಹಾಳೆಯಲ್ಲಿ ನನ್ನ ತೂಕ 80 ಅಂತ ಬರೆದಿದ್ದರು, 80ಕ್ಕೆ 2800ರವರೆಗೂ ನಡೆಯುತ್ತೆ. ಅರಿವಳಿಕೆ ತಜ್ಞರು ಅನ್ನುವ ಕಡೆ ಸುಮ್ನೆ ಒಂದು ಗೆರೆ. ಆ ಹಾಳೆ, ಆಸ್ಪತ್ರೆಯ ತೂಕದ ಚೀಟಿ, ಎರಡನ್ನೂ ಲಗತ್ತಿಸಿ ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಟ್ಟಿದ್ದೇನೆ.