ಕಾಲೇಜಿನ ಬಿಎಸ್ಸಿಯೋ, ಐಐಟಿ ಮದ್ರಾಸಿನ ಬಿಎಸ್ಸೋ: ಎರಡೂ ಓದಿ ನೋಡಿದ ಮೇಲೆ

ಡೇಟಾ ಸೈನ್ಸ್ ಓದಬೇಕು ಎನ್ನುವವರಿಗೆ ಮುಂಬಯಿಯಲ್ಲಿ ಕಾಲೇಜುಗಳಿಗೆ ಬರವಿಲ್ಲ. ಮೂರು ವರ್ಷದ ಬಿಎಸ್ಸಿ ಇದೆ, ಬೇಕಿದ್ದರೆ ನಾಲ್ಕನೇ ವರ್ಷವೂ ಓದಿ ಆನರ್ಸ್ ಮಾಡಿಕೊಳ್ಳಬಹುದು. ಇನ್ನೊಂದು ಕಡೆ ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಡೇಟಾ ಸೈನ್ಸಿನ ಆನ್‌ಲೈನ್ ಡಿಗ್ರಿ, ಬಿಎಸ್. ಎರಡು ಡಿಗ್ರಿ ಒಟ್ಟಿಗೆ ಓದಬಹುದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಹೇಳಿದ್ದರಿಂದ ನಾನು ಎರಡಕ್ಕೂ ಸೇರಿಕೊಂಡೆ. ಹಗಲು ಲೋಕಲ್ ರೈಲಿನ ಸೆಂಟ್ರಲ್ ಲೈನಿನ ಒಂದು ಕಾಲೇಜು, ರಾತ್ರಿ ಡೊಂಬಿವಲಿಯ ಮನೆಯಲ್ಲಿ ಲ್ಯಾಪ್‌ಟಾಪ್. ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು ನಮ್ಮ ಅಜ್ಜ. ಹಾಗಾಗಿ ಮನೆಯಲ್ಲಿ ಯಾರಿಗೂ ಇದು ವಿಚಿತ್ರ ಅನಿಸಲಿಲ್ಲ.

ಎಲ್ಲರೂ ಮೊದಲು ಕೇಳುವುದು ಸಿಲಬಸ್ ಬಗ್ಗೆ. ಅದರಲ್ಲಿ ಅಂಥ ವ್ಯತ್ಯಾಸ ಇಲ್ಲ. ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ, ಪೈಥಾನ್, ಡೇಟಾಬೇಸ್, ಮಷೀನ್ ಲರ್ನಿಂಗ್ ಎರಡು ಕಡೆಯೂ ಇವೆ. ಕೇಳಬೇಕಾದ್ದು ಬೇರೆ: ಒಂದು ವಿಷಯ ಅರ್ಥವಾಗದೆ ಹೋದರೆ ಈ ಕೋರ್ಸ್ ನಿಮ್ಮನ್ನು ಏನು ಮಾಡುತ್ತದೆ?

ಕಾಲೇಜಿನಲ್ಲಿ ಕೆಟಿ ಸಿಗುತ್ತದೆ. ಮುಂಬಯಿಯಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ಸೆಮಿಸ್ಟರಿನ ಸ್ಟ್ಯಾಟಿಸ್ಟಿಕ್ಸ್ ಉಳಿದುಹೋದರೂ ಎರಡನೇ ಸೆಮಿಸ್ಟರಿನಲ್ಲಿ ಕೂರಬಹುದು, ಆಮೇಲೆ ಬರೆದು ಪಾಸಾದರೆ ಆಯಿತು. ನನ್ನ ಕ್ಲಾಸಿನಲ್ಲಿ ಪ್ರಾಬಬಿಲಿಟಿಯ ಕೆಟಿ ಇಟ್ಟುಕೊಂಡೇ ಅದರ ಮೇಲೆ ನಿಂತ ರಿಗ್ರೆಷನ್ ಓದಿದವರು ಇದ್ದರು. ಪಾಸಾದರು ಕೂಡ. ಅರ್ಥವಾಯಿತೋ ಇಲ್ಲವೋ ಅವರನ್ನೇ ಕೇಳಬೇಕು.

ಐಐಟಿ ಮದ್ರಾಸಿನಲ್ಲಿ ಈ ಆಟ ನಡೆಯುವುದಿಲ್ಲ. ಸೇರುವುದಕ್ಕೇ ಒಂದು ಕ್ವಾಲಿಫೈಯರ್ ಇದೆ. ಗಣಿತ, ಸ್ಟ್ಯಾಟಿಸ್ಟಿಕ್ಸ್, ಇಂಗ್ಲಿಷ್ ಮತ್ತು ಕಂಪ್ಯುಟೇಷನಲ್ ಥಿಂಕಿಂಗ್, ಈ ನಾಲ್ಕು ವಿಷಯಗಳನ್ನು ನಾಲ್ಕು ವಾರ ನಿಜವಾಗಿ ಪಾಠ ಮಾಡುತ್ತಾರೆ. ವಾರವಾರದ ಅಸೈನ್‌ಮೆಂಟಿನಲ್ಲಿ ಸಾಕಷ್ಟು ಅಂಕ ಬಂದರೆ ಮಾತ್ರ ಪರೀಕ್ಷೆಗೆ ಬಿಡುತ್ತಾರೆ. ಒಳಗೆ ಹೋದ ಮೇಲೆ ಫೌಂಡೇಷನ್ ಹಂತ: ಎಂಟು ಕೋರ್ಸ್, 32 ಕ್ರೆಡಿಟ್ (ಕ್ರೆಡಿಟ್ ಅಂದರೆ ಕೋರ್ಸಿನ ಓದಿನ ತೂಕ ಅಳೆಯುವ ಲೆಕ್ಕ). ಎಂಟೂ ಮುಗಿಯದೆ ಡಿಪ್ಲೊಮಾ ಹಂತದ ಬಾಗಿಲು ತೆರೆಯುವುದಿಲ್ಲ. ಫೇಲಾದರೆ ಆ ಕೋರ್ಸಿನ ಫೀಸು ಮತ್ತೆ ಕಟ್ಟಿ ಮತ್ತೆ ಓದಬೇಕು. ಜೇಬಿಗೆ ಬಿಸಿ ತಟ್ಟುವುದರಿಂದಲೋ ಏನೋ, ಮ್ಯಾಥ್ಸ್ 2 ಎಂಬ ಕೋರ್ಸನ್ನು ನಾನು ಕಾಲೇಜಿನ ಯಾವ ಪೇಪರಿಗೂ ಕೂರದಷ್ಟು ಕೂತು ಓದಿದೆ.

ಅಲ್ಲಿ ನನಗೆ ತುಂಬಾ ಹಿಡಿಸಿದ್ದು ಕಂಪ್ಯುಟೇಷನಲ್ ಥಿಂಕಿಂಗ್. ಕೋಡ್ ಬರೆಯುವ ಮೊದಲು ಕಾರ್ಡುಗಳನ್ನು ಕೊಡುತ್ತಾರೆ. ಒಂದೊಂದು ಕಾರ್ಡಿನಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಅಂಕ, ಅಥವಾ ಒಂದು ಅಂಗಡಿಯ ಬಿಲ್ಲು. ಹೆಚ್ಚು ಅಂಕ ಯಾರದ್ದು, ಒಂದೇ ತಿಂಗಳಲ್ಲಿ ಹುಟ್ಟಿದವರು ಇದ್ದಾರಾ, ಇಂಥದ್ದನ್ನು ಒಂದೊಂದೇ ಕಾರ್ಡ್ ತಿರುವಿ ಹುಡುಕುವ ಕ್ರಮ ಬರೆಯಬೇಕು. ಕಂಪ್ಯೂಟರನ್ನೇ ಮುಟ್ಟದೆ ಲೂಪ್ ಏನು, ಲಿಸ್ಟ್ ಏನು ಎಂದು ತಲೆಗೆ ಹೋಗುತ್ತದೆ. ಅದೇ ಹೊತ್ತಿಗೆ ಕಾಲೇಜಿನಲ್ಲಿ ನಾನು ಪೈಥಾನ್ ಪ್ರೋಗ್ರಾಂಗಳನ್ನು ಪೆನ್ನಿನಲ್ಲಿ ಜರ್ನಲ್‌ಗೆ, ಅಂದರೆ ಪ್ರಾಕ್ಟಿಕಲ್ ದಾಖಲೆ ಪುಸ್ತಕಕ್ಕೆ ಇಳಿಸುತ್ತಿದ್ದೆ. ಜರ್ನಲ್ ಸರ್ಟಿಫೈ ಆಗದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಇಂಡೆಂಟೇಷನ್ನನ್ನು (ಸಾಲಿನ ಮೊದಲಿಗೆ ಬಿಡುವ ಜಾಗ) ಸ್ಕೇಲ್ ಹಿಡಿದು ಬರೆದವರೂ ಇದ್ದರು, ನಗಬೇಡಿ. ಐಐಟಿಯ ಪೈಥಾನ್ ಪರೀಕ್ಷೆಯಲ್ಲಿ ಕ್ಯಾಮೆರಾ ಆನ್ ಇಟ್ಟು, ಗಡಿಯಾರ ಓಡುತ್ತಿರುವಾಗ, ಓಡುವ ಕೋಡನ್ನೇ ಬರೆದು ತೋರಿಸಬೇಕು.

ಹಾಗೆಂದು ಕಾಲೇಜನ್ನು ತಳ್ಳಿಹಾಕುವಂತಿಲ್ಲ. ನಮಗೆ ಸ್ಟ್ಯಾಟಿಸ್ಟಿಕ್ಸ್ ಕಲಿಸಿದ ಮೇಡಂ ಪಾಯ್ಸಾನ್ ಡಿಸ್ಟ್ರಿಬ್ಯೂಷನ್ನನ್ನು ಬೋರ್ಡಿನ ಮೇಲೆ ಬೈನಾಮಿಯಲ್‌ನಿಂದ ಸಾಲುಸಾಲಾಗಿ ಎಳೆದು ತಂದರು. ನಾವು ಎಲ್ಲಿ ತಪ್ಪಿದೆವು ಎಂದು ಮುಖ ನೋಡಿಯೇ ಹೇಳುತ್ತಿದ್ದರು. ವಿಡಿಯೊವನ್ನು ಎಷ್ಟು ಸಲ ಹಿಂದಕ್ಕೆ ಓಡಿಸಿದರೂ ಅದು ನಿಮ್ಮ ಮುಖ ನೋಡುವುದಿಲ್ಲ ಅಲ್ವಾ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರಾಕ್ಟಿಕಲ್ ಕೂಡ ಪಕ್ಕದ ಗೆಳೆಯನ ಜೊತೆ ಜಗಳಾಡಿಕೊಂಡು ಕಲಿತದ್ದೇ ಹೆಚ್ಚು.

ಕಾಲೇಜಿನ ತೊಂದರೆ ಇರುವುದು ಕ್ರೆಡಿಟ್ ಹಂಚಿಕೆಯಲ್ಲಿ. ಹೊಸ ಶಿಕ್ಷಣ ನೀತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಸೆಮಿಸ್ಟರಿಗೆ 22 ಕ್ರೆಡಿಟ್, ಮೂರು ವರ್ಷಕ್ಕೆ 132, ನಾಲ್ಕಕ್ಕೆ 176. ಅಂಕಿ ದೊಡ್ಡದು. ಆದರೆ ಮೊದಲ ವರ್ಷದಲ್ಲಿ ಮೇಜರ್ ವಿಷಯಕ್ಕೆ ಸಿಗುವುದು ಅದರ ಒಂದು ಪಾಲು ಮಾತ್ರ. ಉಳಿದದ್ದು ಮೈನರ್, ಬೇರೆ ವಿಭಾಗದ ಓಪನ್ ಇಲೆಕ್ಟಿವ್, ಭಾಷೆ, ಭಾರತೀಯ ಜ್ಞಾನ ಪರಂಪರೆ, ಕೌಶಲ ಕೋರ್ಸ್ ಎಂದು ಹರಿದು ಹಂಚಿಹೋಗುತ್ತದೆ. ಕೆಲವು ಚೆನ್ನಾಗಿಯೇ ಇದ್ದವು. ಡೇಟಾ ಸೈನ್ಸ್ ಅಂತ ಸೇರಿದವರಿಗೆ ಮಾತ್ರ ಮೊದಲ ವರ್ಷ ಸಪ್ಪೆ ಅನಿಸುತ್ತದೆ. ಮೂರನೇ ವರ್ಷದ ಆನ್ ದಿ ಜಾಬ್ ಟ್ರೈನಿಂಗ್‌ಗೆ ಕ್ರೆಡಿಟ್ ಇರುವುದು ದೊಡ್ಡ ಲಾಭ. ಅದಕ್ಕೆ ಮುಂಬಯಿಗಿಂತ ಒಳ್ಳೆಯ ಊರು ಇಲ್ಲ.

ಮದ್ರಾಸಿನದ್ದರಲ್ಲಿ ಫೌಂಡೇಷನ್ ಆದ ಮೇಲೆ ಎರಡು ಡಿಪ್ಲೊಮಾ, ತಲಾ 27 ಕ್ರೆಡಿಟ್: ಒಂದು ಪ್ರೋಗ್ರಾಮಿಂಗಿನದು, ಇನ್ನೊಂದು ಡೇಟಾ ಸೈನ್ಸಿನದು. 114 ಕ್ರೆಡಿಟ್‌ಗೆ ಬಿಎಸ್ಸಿ, 142ಕ್ಕೆ ಬಿಎಸ್. ಡೇಟಾ ಸೈನ್ಸ್ ಓದುವವರೂ ವೆಬ್ ಆ್ಯಪ್ ಕಟ್ಟಿ ವೈವಾ ಕೊಡಬೇಕು. ಸುಮ್ನೆ ಯಾರದ್ದೋ ಕೋಡ್ ತಂದರೆ ಅಲ್ಲಿ ಬಾಯಿ ಬಿಡಲಾಗುವುದಿಲ್ಲ. ಎರಡರಲ್ಲೂ ನಡುವೆ ಬಿಟ್ಟರೆ ಸರ್ಟಿಫಿಕೇಟೋ ಡಿಪ್ಲೊಮಾವೋ ಕೈಗೆ ಸಿಗುತ್ತದೆ.

ಆನ್‌ಲೈನ್ ಎಂದರೆ ಮನೆಯಲ್ಲೇ ಎಲ್ಲ ಮುಗಿಯುತ್ತದೆ ಎಂದುಕೊಂಡವರಿಗೆ ಒಂದು ಮಾತು. ಕ್ವಿಜ್, ಎಂಡ್ ಟರ್ಮ್ ಎಲ್ಲ ಸೆಂಟರಿಗೆ ಹೋಗಿಯೇ ಬರೆಯಬೇಕು, ಅದೂ ಭಾನುವಾರ. ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಸೆಂಟ್ರಲ್ ರೈಲ್ವೆಯ ಮೆಗಾಬ್ಲಾಕ್ ಯಾವ ದಿನ ಎಂದು ಡೊಂಬಿವಲಿಯವರಿಗೆ ಹೇಳಬೇಕೇ?

ಬಿಟೆಕ್ ಬಗ್ಗೆ ನನಗೆ ಸ್ವಂತ ಅನುಭವವಿಲ್ಲ. ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಎಂಎಚ್‌ಟಿ ಸಿಇಟಿ ಬರೆದು, ಮೊದಲ ವರ್ಷ ಫಿಸಿಕ್ಸ್, ಕೆಮಿಸ್ಟ್ರಿ, ಡ್ರಾಯಿಂಗ್ ಓದುವ ಮನಸ್ಸಿದ್ದರೆ ಅದೂ ಆಗಬಹುದು.

ನನ್ನ ತೀರ್ಮಾನ ಇಷ್ಟು. ಹನ್ನೆರಡನೇ ಮುಗಿಸಿ ಹದಿನೆಂಟರಲ್ಲಿ ಇರುವವರು ಕಾಲೇಜಿಗೆ ಹೋಗಿ. ವಾರವಾರ ಒಬ್ಬರೇ ಕೂತು ಓದುವ ಶಿಸ್ತು ಆ ವಯಸ್ಸಿನಲ್ಲಿ ಎಲ್ಲರಿಗೂ ಇರುವುದಿಲ್ಲ. ಕೆಲಸಕ್ಕೆ ಸೇರಿದವರಿಗೆ, ಹನ್ನೆರಡನೆಯಲ್ಲಿ ಕಾಮರ್ಸೋ ಆರ್ಟ್ಸೋ ಓದಿದವರಿಗೆ ಮದ್ರಾಸಿನದ್ದೇ ಸರಿ. ಹತ್ತನೆಯಲ್ಲಿ ಗಣಿತ, ಇಂಗ್ಲಿಷ್ ಇದ್ದರೆ ಸಾಕು, ವಯಸ್ಸಿನ ಮಿತಿ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಆದಾಯ ಕಡಿಮೆ ಇರುವ ಮನೆಯವರಿಗೆ ಫೀಸಿನಲ್ಲಿ ದೊಡ್ಡ ರಿಯಾಯಿತಿಯೂ ಇದೆ.

ಎರಡನ್ನೂ ಒಟ್ಟಿಗೆ ಮಾಡುವ ಹುಮ್ಮಸ್ಸಿದ್ದರೆ ಟರ್ಮ್ ನೋಡಿ ಸೇರಿ. ಜನವರಿ, ಮೇ, ಸೆಪ್ಟೆಂಬರ್ ಎಂದು ವರ್ಷಕ್ಕೆ ಮೂರು ಟರ್ಮ್ ಇವೆ. ಸೆಪ್ಟೆಂಬರಿನದ್ದು ಕಾಲೇಜಿನ ಸೆಮಿಸ್ಟರ್ ಪರೀಕ್ಷೆಗೆ ನೇರ ಡಿಕ್ಕಿ ಹೊಡೆಯುತ್ತದೆ. ಆ ಟರ್ಮಿನಲ್ಲಿ ಎರಡು ಕೋರ್ಸಿಗಿಂತ ಜಾಸ್ತಿ ಹಿಡಿಯಬೇಡಿ, ಅದರಲ್ಲಿ ಒಂದು ಇಂಗ್ಲಿಷ್ ಇರಲಿ.