ಇಂಪ್ಲಾಂಟ್ ಮೇಲಿನ ಕ್ಯಾಪ್: ಟೆಂಪರರಿ ಸಿಮೆಂಟಾ, ರೆಸಿನ್ ಸಿಮೆಂಟಾ, ಸ್ಕ್ರೂನಾ?

ಇಂಪ್ಲಾಂಟ್ (ಹೋದ ಹಲ್ಲಿನ ಜಾಗದಲ್ಲಿ ಮೂಳೆಗೆ ಕೂರಿಸೋ ಲೋಹದ ಬೇರು) ಹಾಕ್ಸೋರೆಲ್ಲಾ ಕೇಳೋದು ಯಾವ ಕಂಪನಿದು, ಕೊರಿಯಾದ್ದಾ ಸ್ವಿಸ್ಸಾ, ವಾರಂಟಿ ಎಷ್ಟು ವರ್ಷ ಅಂತ. ಅದರ ಮೇಲೆ ಬರೋ ಅಬಟ್ಮೆಂಟ್ ಅನ್ನೋ ಗೂಟಕ್ಕೆ ಕ್ಯಾಪನ್ನ, ಅಂದ್ರೆ ಮೇಲೆ ಕಾಣೋ ಕೃತಕ ಹಲ್ಲನ್ನ, ಯಾವುದ್ರಲ್ಲಿ ಹಿಡಿಸ್ತಾರೆ ಅಂತ ಕೇಳೋರು ಕಮ್ಮಿ. ನಂಗೆ ಕೆಳಗಡೆ ಎರಡು ಇಂಪ್ಲಾಂಟ್ ಇವೆ, ಎರಡೂ ದವಡೆ ಹಲ್ಲೇ. ಎಡಗಡೆದು ಮೊದಲು ಟೆಂಪರರಿ ಸಿಮೆಂಟಲ್ಲಿ ಕೂತಿತ್ತು, ಆಮೇಲೆ ರೆಸಿನ್ ಸಿಮೆಂಟಿಗೆ (ಗಟ್ಟಿಯಾಗಿ ಹಿಡಿಯೋ ಪ್ಲಾಸ್ಟಿಕ್ ತರದ ಅಂಟು) ಬದಲಾಯ್ತು, ಬಲಗಡೆದು ಸ್ಕ್ರೂದು. ಮೂರರಲ್ಲೂ ಊಟ ಮಾಡಿ ನೋಡಿದೀನಿ, ದವಡೆ ಹಲ್ಲಿಗೆ ನನ್ನ ಓಟು ಸ್ಕ್ರೂಗೇ.

ಟೆಂಪರರಿ ಸಿಮೆಂಟ್ ಹಾಕೋದಕ್ಕೆ ಕಾರಣ ಇದೆ, ಅದು ಗೊತ್ತಿರ್ಲಿ. ಅಬಟ್ಮೆಂಟನ್ನ ಇಂಪ್ಲಾಂಟಿಗೆ ಹಿಡಿದಿರೋದು ಒಂದು ಸಣ್ಣ ಸ್ಕ್ರೂ, ಅದು ಯಾವತ್ತಾದ್ರೂ ಸಡಿಲ ಆದ್ರೆ ಕ್ಯಾಪ್ ತೆಗೀಬೇಕಾಗತ್ತೆ, ಗಟ್ಟಿ ಸಿಮೆಂಟ್ ಹಾಕ್ಬಿಟ್ರೆ ಕ್ಯಾಪನ್ನ ಕೊರೀಬೇಕು. ಹಾಗಾಗಿ ಬೇಕಾದಾಗ ಬಿಡಿಸೋಕೆ ಬರ್ಲಿ ಅಂತ ಮೆತ್ತನೆ ಸಿಮೆಂಟ್ ಹಾಕ್ತಾರೆ. ಸ್ವಂತ ಹಲ್ಲಾದ್ರೆ ಸಿಮೆಂಟ್ ಕರಗಿದಾಗ ಒಳಗೆ ಹುಳುಕು ಹಿಡಿಯತ್ತೆ ಅನ್ನೋ ಭಯ, ಇಲ್ಲಿ ಒಳಗಿರೋದು ಲೋಹ, ಆ ಭಯ ಇಲ್ಲ. ಲೆಕ್ಕ ಸರಿಯಾಗೇ ಇದೆ. ಆದ್ರೆ ನನ್ನ ಕ್ಯಾಪ್ ನಿಲ್ಲಲೇ ಇಲ್ಲ.

ಒಂದೇ ಸಲಕ್ಕೆ ಬಿದ್ದೋಗಿದ್ರೆ ಇಷ್ಟು ಬೇಜಾರಾಗ್ತಿರ್ಲಿಲ್ಲ. ಮೊದಲು ಒಂಚೂರು ಅಲ್ಲಾಡೋಕೆ ಶುರು ಆಗತ್ತೆ, ನಾಲಿಗೆಗೆ ಮಾತ್ರ ಗೊತ್ತಾಗೋ ಅಷ್ಟು, ಕನ್ನಡಿಲಿ ನೋಡಿದ್ರೆ ಏನೂ ಕಾಣ್ಸಲ್ಲ. ಆಮೇಲೆ ಕಚ್ಚಿದಾಗಲೆಲ್ಲಾ ಕ್ಯಾಪ್ ಅಡಿಯಿಂದ ಉಪ್ಪುಪ್ಪು ನೀರು ಬಂದಂಗೆ ಆಗತ್ತೆ, ಬೆಳಿಗ್ಗೆ ಎದ್ದಾಗ ಆ ಕಡೆಯಿಂದ ಕೆಟ್ಟ ವಾಸನೆ. ಇನ್ನೊಂದು ವಾರ ತಡೆಯುತ್ತೆ ಅಂದ್ಕೊಂಡು ಎಡಗಡೆ ಅಗಿಯೋದು ನಿಲ್ಲಿಸಿದ್ರೆ, ಯಾವುದೋ ಹೊತ್ತಲ್ಲಿ ಜೋಳದ ರೊಟ್ಟಿ ತುಂಡಿನ ಜೊತೆ ಕ್ಯಾಪೂ ಬಾಯಿಗೆ ಬರತ್ತೆ. ನಂದು ಫೀಲ್ಡ್ ಕೆಲಸ, ಮನೆ ತುಮಕೂರಲ್ಲಿ, ವಾರದಲ್ಲಿ ಅರ್ಧಕ್ಕರ್ಧ ದಿನ ಹಿರಿಯೂರು ಚಳ್ಳಕೆರೆ ಕಡೆ ಬೈಕಲ್ಲಿ ಇರ್ತೀನಿ, ಕ್ಯಾಪನ್ನ ಟಿಶ್ಯೂಲಿ ಸುತ್ತಿ ಜೇಬಲ್ಲಿಟ್ಕೊಂಡು ಊರಿಗೆ ಬರೋವರೆಗೂ ಇಡ್ಲಿ, ಅನ್ನ ಸಾರು ಅಷ್ಟೇ. ಮಲಗಿರೋವಾಗ ಬಿಚ್ಕೊಂಡು ಉಸಿರಿನ ದಾರಿಗೆ ಹೋದ್ರೆ ಏನ್ ಕಥೆ ಅನ್ನೋ ಭಯ ಬೇರೆ. ಪ್ರತಿ ಸಲ ಹೋದಾಗ್ಲೂ ಮೊದಲು ಹಾಕ್ಸಿದ್ದ ಕ್ಲಿನಿಕ್ಕಲ್ಲಿ ಒಳಗೆ ಕೆರೆದು, ಅದೇ ಲವಂಗದ ವಾಸನೆ ಸಿಮೆಂಟ್ ತುಂಬಿ, ಗಟ್ಟಿ ಪದಾರ್ಥ ಕಡಿಮೆ ಮಾಡಿ ಅಂತ ಕಳಿಸ್ತಿದ್ರು. ಕಡ್ಲೆಕಾಯಿ ಬೆಳೆಯೋ ಸೀಮೆಲಿ ಓಡಾಡೋನು ನಾನು, ಕಡ್ಲೆಬೀಜ ಬಿಡಿ ಅಂದ್ರೆ ಹಲ್ಲು ಹಾಕ್ಸಿದ್ದಾದ್ರೂ ಯಾಕೆ.

ನಿಜವಾದ ಕಾರಣ ಗೊತ್ತಾಗಿದ್ದು ಡಾಕ್ಟ್ರನ್ನ ಬದಲಾಯಿಸಿದ ಮೇಲೆ. ಅವ್ರು ಕ್ಯಾಪ್ ತೆಗೆದು ಅಬಟ್ಮೆಂಟಿಗೆ ಸ್ಕೇಲ್ ತರದ್ದೊಂದು ಪ್ರೋಬ್ ಹಿಡಿದು, "ನೋಡಿ ಸರ್, ಇದು ಮೂರು ಮಿಲಿಮೀಟರೂ ಇಲ್ಲ, ಇದ್ರಲ್ಲಿ ಸಿಮೆಂಟ್ ಏನು ಹಿಡ್ಕೊಳುತ್ತೆ" ಅಂದ್ರು. ಎಡಗಡೆ ಹಲ್ಲು ಹೋಗಿ ವರ್ಷಗಟ್ಲೆ ಖಾಲಿ ಇದ್ದಿದ್ರಿಂದ ಮೇಲಿನ ಹಲ್ಲು ಕೆಳಗೆ ಇಳಿದು ಬಂದಿತ್ತಂತೆ, ಜಾಗ ಇಲ್ದೆ ಅಬಟ್ಮೆಂಟನ್ನ ಗಿಡ್ಡ ಮಾಡಿದ್ರು. ಸಿಮೆಂಟ್ ಕ್ಯಾಪ್ ನಿಲ್ಲೋಕೆ ಕಮ್ಮಿ ಅಂದ್ರೂ 4 ಮಿಲಿಮೀಟರ್ ಎತ್ತರ ಬೇಕು, ಗೋಡೆಗಳು ಆದಷ್ಟು ನೇರ ಇರ್ಬೇಕು, ಮೇಲೆ ಹೋದಂಗೆ ಜಾಸ್ತಿ ಚೂಪಾದ್ರೆ ಟೋಪಿ ಜಾರಿದಂಗೆ ಜಾರತ್ತೆ. ಇನ್ನೊಂದು ವಿಷ್ಯ, ಸ್ವಂತ ಹಲ್ಲಿಗೂ ಮೂಳೆಗೂ ನಡುವೆ ತೆಳ್ಳನೆ ನಾರಿನ ಪದರ ಇರತ್ತೆ, ಜೋರಾಗಿ ಕಚ್ಚಿದ್ರೆ ಅದು ತಕ್ಷಣ ಹೇಳತ್ತೆ. ಇಂಪ್ಲಾಂಟ್ ಮೂಳೆಗೇ ಅಂಟಿರತ್ತೆ, ಆ ಅರಿವು ಮಂದ, ನಮಗೆ ಗೊತ್ತಿಲ್ದೇ ಜೋರಾಗಿ ಕಚ್ತೀವಿ. ಗಿಡ್ಡ ಅಬಟ್ಮೆಂಟು, ಮೆತ್ತನೆ ಸಿಮೆಂಟು, ಮೇಲಿಂದ ಈ ಒತ್ತಡ.

ಆಮೇಲೆ ಹಾಕಿದ್ದು ರೆಸಿನ್ ಸಿಮೆಂಟ್. ಹಿಡಿತದ ವಿಷ್ಯದಲ್ಲಿ ಇದರ ಬಗ್ಗೆ ಒಂದು ಮಾತೂ ಆಡೋಂಗಿಲ್ಲ, ಅವತ್ತಿಂದ ಅಲ್ಲಾಡಿಲ್ಲ. ಆದ್ರೆ ಜಿರ್ಕೋನಿಯಾ ಅನ್ನೋ ಗಟ್ಟಿ ಸೆರಾಮಿಕ್ ಕ್ಯಾಪಿಗೆ ಸುಮ್ನೆ ಸಿಮೆಂಟ್ ಬಳಿದ್ರೆ ಅಂಟಲ್ಲ, ಒಳಮೈಯನ್ನ 50 ಮೈಕ್ರಾನ್ ಅಲ್ಯೂಮಿನಾ ಪುಡಿಲಿ ಸ್ಯಾಂಡ್‌ಬ್ಲಾಸ್ಟ್ ಮಾಡಿ (ಪುಡೀನ ಗಾಳಿ ರಭಸದಲ್ಲಿ ಹೊಡೆದು ತರಿ ಮಾಡಿ), ಎಂಡಿಪಿ ಅನ್ನೋ ರಾಸಾಯನಿಕ ಇರೋ ಪ್ರೈಮರೋ (ಸಿಮೆಂಟಿಗೆ ಮುಂಚೆ ಬಳಿಯೋ ದ್ರವ) ಸಿಮೆಂಟೋ ಹಾಕ್ಬೇಕು. ಕ್ಯಾಪನ್ನ ಒಂದ್ಸಲ ಬಾಯಲ್ಲಿಟ್ಟು ಸೈಜ್ ನೋಡಿದ್ರೆ ಸಾಕು, ಎಂಜಲಲ್ಲಿರೋ ಫಾಸ್ಫೇಟ್ ಜಿರ್ಕೋನಿಯಾ ಮೇಲೆ ಕೂತ್ಕೊಂಡು ಎಂಡಿಪಿಗೆ ಜಾಗ ಕೊಡಲ್ಲ, ನೀರಲ್ಲಿ ತೊಳೆದ್ರೂ ಹೋಗಲ್ಲ. ನಮ್ಮ ಡಾಕ್ಟ್ರು ಸೈಜ್ ನೋಡಿದ ಮೇಲೆ ಮತ್ತೆ ಸ್ಯಾಂಡ್‌ಬ್ಲಾಸ್ಟ್ ಮಾಡಿದ್ರು, ನಾನು ಕೂತಲ್ಲಿಂದಲೇ ಸದ್ದು ಕೇಳಿಸ್ತಿತ್ತು. ಲವಂಗದೆಣ್ಣೆ ಸಿಮೆಂಟಿನ ಅಂಶ ಉಳಿದಿದ್ರೂ ರೆಸಿನ್ ಸರಿಯಾಗಿ ಗಟ್ಟಿಯಾಗಲ್ಲ ಅಂತ ಅದನ್ನೂ ಪೂರ್ತಿ ಕ್ಲೀನ್ ಮಾಡಿದ್ರು.

ಇಷ್ಟೆಲ್ಲಾ ಮಾಡಿದ್ಮೇಲೂ ಕೆಲವು ತಿಂಗಳಲ್ಲಿ ವಸಡು ಊದ್ಕೊಂಡು ಬ್ರಷ್ ತಾಗಿದ್ರೆ ರಕ್ತ. ಪಕ್ಕಕ್ಕೆ ಹಿಂಡಿ ಬಂದ ಸಿಮೆಂಟಿನ ಚೂರು ವಸಡಿನ ಕೆಳಗೆ ಉಳ್ಕೊಂಡಿತ್ತು. ಇಂಪ್ಲಾಂಟ್ ಸುತ್ತ ವಸಡು ಸ್ವಂತ ಹಲ್ಲಿನಷ್ಟು ಬಿಗಿಯಾಗಿ ಹಿಡಿದಿರಲ್ಲ, ಸಿಮೆಂಟ್ ಆಳಕ್ಕೆ ಸುಲಭವಾಗಿ ಇಳಿಯತ್ತೆ, ಕೆಲವು ರೆಸಿನ್ ಸಿಮೆಂಟುಗಳಂತೂ ಎಕ್ಸ್‌ರೇಲೂ ಸರಿಯಾಗಿ ಕಾಣಲ್ಲ. ಅಮೆರಿಕದ ಥಾಮಸ್ ವಿಲ್ಸನ್ ಅನ್ನೋ ಡಾಕ್ಟ್ರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ, ವಸಡಿನ ಸಮಸ್ಯೆ ಬಂದ ಇಂಪ್ಲಾಂಟುಗಳಿಗೆ ಪುಟ್ಟ ಎಂಡೋಸ್ಕೋಪ್ ಬಿಟ್ಟು ನೋಡಿದ್ರೆ 81% ಕಡೆ ಉಳಿದ ಸಿಮೆಂಟ್ ಸಿಕ್ತು, ತೆಗೆದು ಒಂದು ತಿಂಗಳಾದ್ಮೇಲೆ ನೋಡಿದ್ರೆ 74% ಕಡೆ ಸಮಸ್ಯೆ ಹೋಗಿತ್ತು. ನಂಗೂ ತೆಗೆದ್ಮೇಲೆ ಇಳೀತು. ಗಮನಿಸದೆ ಬಿಟ್ಟಿದ್ರೆ ಮೂಳೆ ಕರಗೋಕೆ ಶುರುವಾಗಿ ಇಂಪ್ಲಾಂಟಿಗೇ ಕುತ್ತು ಬರ್ತಿತ್ತು, ಅದಕ್ಕೇ ರಕ್ತ ಕಂಡ್ರೆ ಮೌತ್‌ವಾಶ್ ಹಾಕ್ಕೊಂಡು ಸುಮ್ನಿರ್ಬೇಡಿ.

ಬಲಗಡೆ ಸ್ಕ್ರೂದು. ಇಲ್ಲೂ ಅಂಟು ಇದೆ, ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಟಿ-ಬೇಸ್ ಅಂತ ಚಿಕ್ಕ ಟೈಟಾನಿಯಂ ತಳಕ್ಕೆ ಜಿರ್ಕೋನಿಯಾ ಕ್ಯಾಪನ್ನ ರೆಸಿನ್ ಸಿಮೆಂಟಲ್ಲೇ ಅಂಟಿಸ್ತಾರೆ, ಆದ್ರೆ ಲ್ಯಾಬಲ್ಲಿ, ಬಾಯಿ ಹೊರಗೆ. ಎಂಜಲಿಲ್ಲ, ರಕ್ತ ಇಲ್ಲ, ಹೆಚ್ಚಾದ ಸಿಮೆಂಟನ್ನ ಕೈಲಿ ಹಿಡ್ಕೊಂಡು ಸುತ್ತ ನೋಡ್ಕೊಂಡು ಒರೆಸಿ ಪಾಲಿಶ್ ಮಾಡ್ಬೋದು. ಆಮೇಲೆ ಪೂರ್ತಿ ತುಂಡನ್ನ ಬಾಯಲ್ಲಿಟ್ಟು ಕ್ಯಾಪ್ ಮೇಲಿನ ತೂತಿಂದ ಸ್ಕ್ರೂ ಬಿಗೀತಾರೆ, ನಂದಕ್ಕೆ ಬಿಗಿ ಎಷ್ಟು ಅಂತ ಅಳೆಯೋ ಟಾರ್ಕ್ ರೆಂಚಲ್ಲಿ 35 ನ್ಯೂಟನ್ ಸೆಂಟಿಮೀಟರ್. ತೂತಿಗೆ ಟೆಫ್ಲಾನ್ ಟೇಪ್ ತುರುಕಿ ಮೇಲೆ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಮುಚ್ತಾರೆ. ಆ ಟೇಪ್ ನಲ್ಲಿಗೆ ಸುತ್ತೋ ಟೇಪ್ ತರಾನೇ ಬಿಳೀಗಿತ್ತು.

ಸ್ಕ್ರೂ ಸಡಿಲ ಆಗಲ್ವಾ ಅಂದ್ರೆ ಆಗ್ಬೋದು, ಮತ್ತೆ ಬಿಗಿದು ಮುಚ್ಚಿದ್ರಾಯ್ತು, ಕ್ಯಾಪ್ ಕೊರೆಯೋ ಗೋಳಿಲ್ಲ. ಟಿ-ಬೇಸ್ ತೀರಾ ಗಿಡ್ಡ ಆದ್ರೆ ಅದ್ರಿಂದ್ಲೂ ಕ್ಯಾಪ್ ಬಿಡೋ ಸಾಧ್ಯತೆ ಇದೆ, ಎತ್ತರ ಎಷ್ಟು ಅಂತ ಮೊದ್ಲೇ ಕೇಳಿ. ಮುಚ್ಚಿದ ಕಾಂಪೋಸಿಟ್ ಸ್ವಲ್ಪ ಮಾಸ್ಲು ಬಣ್ಣ ಕಾಣತ್ತೆ, ದವಡೆಲಿ ಯಾರು ನೋಡ್ತಾರೆ.

ದುಡ್ಡಿನ ವಿಷ್ಯಕ್ಕೆ ಬಂದ್ರೆ ಸ್ಕ್ರೂದು ನಂಗೆ ಕೆಲವು ಸಾವಿರ ಜಾಸ್ತಿ ಬಿತ್ತು. ಎಡಗಡೆಗೆ ಸಿಮೆಂಟ್ ಹಾಕ್ಸೋಕೆ ಓಡಾಡಿದ ಪೆಟ್ರೋಲು, ಹಾಕಿದ ರಜೆ, ವಸಡು ಕ್ಲೀನ್ ಮಾಡ್ಸಿದ ಫೀಸು ಎಲ್ಲಾ ಸೇರಿಸಿದ್ರೆ ಬಲಗಡೆದೇ ಅಗ್ಗ. ಊರಲ್ಲೇ ಇರೋರು, ಡಾಕ್ಟ್ರು ಪಕ್ಕದ ಬೀದಿಲೇ ಇರೋರು ಟೆಂಪರರಿ ಸಿಮೆಂಟಲ್ಲಿ ನಡೆಸ್ಕೋಬೋದೇನೋ, ನನ್ನಂಗೆ ತಿರುಗೋರಿಗೆ ಆಗಲ್ಲ. ಜಿಐಸಿ, ಅಂದ್ರೆ ಗ್ಲಾಸ್ ಅಯಾನೊಮರ್ ಅನ್ನೋ ಇನ್ನೊಂದು ಜಾತಿ ಸಿಮೆಂಟ್, ನಾನು ಹಾಕ್ಸಿಲ್ಲ, ಅದು ಟೆಂಪರರಿಗಿಂತ ಗಟ್ಟಿ.

ಅಮ್ಮಂಗೆ ಈಗ ಮೇಲಿನ ಮುಂದಿನ ಹಲ್ಲಿಗೆ ಇಂಪ್ಲಾಂಟ್ ಹಾಕಿದಾರೆ, ಅಲ್ಲಿ ಮಾತ್ರ ನಾನು ಸಿಮೆಂಟಿಗೇ ಒಪ್ಪಿದೀನಿ. ಅವರ ಮೂಳೆ ಇರೋ ಓರೆಗೆ ಸ್ಕ್ರೂ ತೂತು ತುಟಿ ಕಡೆಗೇ ಬರತ್ತೆ, ಓರೆ ತೂತಿನ ಅಬಟ್ಮೆಂಟ್ ಬರ್ತವೆ ಆದ್ರೆ ಅವ್ರಿಗೆ ಹಾಕಿರೋ ಸಿಸ್ಟಮ್ಮಿಗೆ ನಮ್ಮ ಲ್ಯಾಬಲ್ಲಿ ಸಿಗ್ಲಿಲ್ಲ. ಕ್ಯಾಪ್ ಅಂಚು ವಸಡಿನ ಆಳಕ್ಕೆ ಹೋಗದ ಹಾಗೆ ಅಬಟ್ಮೆಂಟ್ ಮಾಡಿಸಿ, ಸಿಮೆಂಟ್ ಎಕ್ಸ್‌ರೇಲಿ ಕಾಣೋ ಅಂಥದ್ದೇ ಹಾಕಿ, ಹಾಕಿದ ದಿನಾನೇ ಒಂದು ಎಕ್ಸ್‌ರೇ ತೆಗೀರಿ ಅಂತ ಡಾಕ್ಟ್ರಿಗೆ ಹೇಳಿದೀನಿ, ಅವ್ರೂ ಒಪ್ಕೊಂಡಿದಾರೆ.