ತೊಗರಿ ಕಂಟೈನರ್ ಎಲ್ಲಿ ಇಳಿಸಬೇಕು? ಧಕ್ಕೆ, ಸಿಎಫ್‌ಎಸ್, ಹೈದರಾಬಾದ್ ಡಿಪೊ: ಕಲಬುರಗಿ ಮಿಲ್ಲುಗಳಿಗಾಗಿ ಒಂದು ವಿಮರ್ಶೆ

ಕಲಬುರಗಿ ಗಂಜ್‌ನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ತೊಗರಿ ಆವಕ ಕಡಿಮೆಯಾದ ಮೇಲೆ ಮಿಲ್ಲು ನಿಲ್ಲಬಾರದೆಂದರೆ ಹೊರಗಿನ ಕಾಳು ಬೇಕು. ಬರ್ಮಾದ ಲೆಮನ್, ಆಫ್ರಿಕಾದ ಗಜರಿ, ಮಟ್ವಾರಾ ಎಂಬ ತೊಗರಿ ಬಗೆಗಳೇ ಆಗ ಕೈಹಿಡಿಯುವ ಮಾಲು. 2021ರ ಮೇ 15ರಂದು ಕೇಂದ್ರ ಸರ್ಕಾರ ತೊಗರಿ ಆಮದನ್ನು ನಿರ್ಬಂಧದಿಂದ ಬಿಡಿಸಿದ ಮೇಲೆ, ಮುಂಬೈ ವ್ಯಾಪಾರಿಯಿಂದ ಕೊಳ್ಳುವ ಬದಲು ನೇರವಾಗಿ ತಮ್ಮ ಹೆಸರಲ್ಲೇ ತರಿಸುವ ದಾರಿ ನಮ್ಮ ಮಿಲ್ಲುಗಳಿಗೂ ತೆರೆಯಿತು. ದರ, ತಳಿ, ತೇವಾಂಶ ಎಲ್ಲವನ್ನೂ ಚೌಕಾಸಿ ಮಾಡಿ ಸೌದೆ (ಖರೀದಿ ಒಪ್ಪಂದ) ಮುಗಿಸುವವರು, ಮಾಲು ಇಳಿಯುವ ಜಾಗದ ವಿಷಯ ಬಂದಾಗ ಮಾತ್ರ ‘ಬಾಂಬೆ ಪೋರ್ಟ್’ ಎಂದು ಹೇಳಿ ಏಜೆಂಟ್ ಕೈಗೆ ಬಿಟ್ಟುಬಿಡುತ್ತಾರೆ. ದುಡ್ಡು ಸೋರುವುದು ಅಲ್ಲೇ.

ಈ ವಿಮರ್ಶೆಗೆ ತೆಗೆದುಕೊಂಡಿರುವುದು ಮೂರು ಸೇವೆ. ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನಲ್ಲಿ ಧಕ್ಕೆಯಿಂದಲೇ, ಅಂದರೆ ಹಡಗು ನಿಲ್ಲುವ ಕಟ್ಟೆಯಿಂದಲೇ, ಕಂಟೈನರ್ ಎತ್ತಿಕೊಳ್ಳುವ ಡಿಪಿಡಿ, ಅಂದರೆ ನೇರ ಬಂದರು ವಿತರಣೆ. ಕಂಟೈನರ್ ಇಟ್ಟು, ತೆರೆದು ನೋಡುವ ಬಂದರಿನ ಹೊರಗಿನ ಅಂಗಳ, ಅಂದರೆ ಕಂಟೈನರ್ ಫ್ರೇಟ್ ಸ್ಟೇಷನ್, ಎಲ್ಲರ ಬಾಯಲ್ಲಿ ಸಿಎಫ್‌ಎಸ್. ಮತ್ತು ಹೈದರಾಬಾದ್ ಸನತ್‌ನಗರದ ಒಳನಾಡು ಕಂಟೈನರ್ ಡಿಪೊ, ಅಂದರೆ ಐಸಿಡಿ.

ಮೂರೂ ನಿಂತಿರುವುದು ಒಂದೇ ಕಾನೂನಿನ ಮೇಲೆ. 1878ರ ಸಮುದ್ರ ಸುಂಕ ಕಾಯ್ದೆಯಲ್ಲೇ ಬಂದರುಗಳ ಜೊತೆಗೆ ಧಕ್ಕೆಗಳನ್ನೂ ಗೊತ್ತುಪಡಿಸುವ ಅಧಿಕಾರ ಇತ್ತು. ಈಗಿನ 1962ರ ಕಸ್ಟಮ್ಸ್ ಕಾಯ್ದೆ ಅದನ್ನು ಎರಡು ಮೆಟ್ಟಿಲು ಮಾಡಿದೆ. 7ನೇ ಸೆಕ್ಷನ್ ಪ್ರಕಾರ ಯಾವ ಊರು ಕಸ್ಟಮ್ಸ್ ಬಂದರು, ಯಾವುದು ಐಸಿಡಿ ಎಂಬುದನ್ನು ಪರೋಕ್ಷ ತೆರಿಗೆ ಮಂಡಳಿ ಗೆಜೆಟ್‌ನಲ್ಲಿ ಸಾರುತ್ತದೆ. ಆ ಬಂದರಿನೊಳಗೆ ಯಾವ ಬರ್ತ್, ಯಾವ ಯಾರ್ಡ್, ಎಷ್ಟು ಜಾಗ, ಯಾವ ಬಗೆಯ ಸರಕಿಗೆ ಎಂಬುದನ್ನು 8ನೇ ಸೆಕ್ಷನ್ ಅಡಿ ಕಸ್ಟಮ್ಸ್ ಕಮಿಷನರ್ ಗೊತ್ತುಮಾಡುತ್ತಾರೆ. ಸರಕು ಬಿಡುಗಡೆ ಆಗುವವರೆಗೆ ಯಾರ ವಶದಲ್ಲಿ ಇರಬೇಕು ಎಂಬುದು 45ನೇ ಸೆಕ್ಷನ್. ಹಾಗೆ ವಶಕ್ಕೆ ಪಡೆಯುವವರು, ಅಂದರೆ ಕಸ್ಟೋಡಿಯನ್, 2009ರ ಸರಕು ನಿರ್ವಹಣಾ ನಿಯಮಗಳಿಗೆ ಬದ್ಧರು. ಗೊತ್ತುಪಡಿಸಿದ ಜಾಗ ಬಿಟ್ಟು ಬೇರೆಡೆ ಇಳಿಸಬಾರದು ಎಂದು 33ನೇ ಸೆಕ್ಷನ್ ಹೇಳುತ್ತದೆ. ಬಂದರೇ ಅಲ್ಲದ ಕಡೆ ಇಳಿಸಿದ ಮಾಲು 111ನೇ ಸೆಕ್ಷನ್ ಪ್ರಕಾರ ಜಪ್ತಿಗೆ ಗುರಿಯಾಗುತ್ತದೆ.

ಮಿಲ್ಲಿನವರು ಇದನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ, ಆದರೆ ಎರಡು ಅಧಿಸೂಚನೆಗಳ ಸಂಖ್ಯೆ ಡೈರಿಯಲ್ಲಿ ಇರಲಿ. ಬಂದರುಗಳಿಗೆ 62/94, ಐಸಿಡಿಗಳಿಗೆ 12/97, ಎರಡೂ ಕಸ್ಟಮ್ಸ್ ‘ಎನ್.ಟಿ.’ (ನಾನ್-ಟ್ಯಾರಿಫ್, ಸುಂಕದ ದರಕ್ಕೆ ಸೇರದ) ಸಾಲಿನವು. ತಿದ್ದುಪಡಿ ಆಗುತ್ತಲೇ ಇರುತ್ತವೆ, ಹಾಗಾಗಿ ಮಂಡಳಿಯ ಜಾಲತಾಣದಲ್ಲಿ ಇವತ್ತಿನ ರೂಪವನ್ನೇ ಓದಬೇಕು. 62/94ರ ಕೋಷ್ಟಕದಲ್ಲಿ ರಾಜ್ಯ, ಬಂದರು ಆದ ಮೇಲೆ ಮೂರನೇ ಕಾಲಂ ಒಂದಿದೆ, ಉದ್ದೇಶದ ಕಾಲಂ. ದೊಡ್ಡ ಬಂದರುಗಳ ಎದುರು ಎಲ್ಲ ಸರಕಿಗೂ ಒಪ್ಪಿಗೆ ಇರುತ್ತದೆ. ಕೆಲವು ಸಣ್ಣ ಬಂದರುಗಳ ಎದುರು ಇಂಥಿಂಥ ಸರಕು ಮಾತ್ರ ಎಂದಿರುತ್ತದೆ. ಆ ಕಾಲಂ ಓದದೆ ‘ಅಲ್ಲಿ ಸಸ್ತಾ ಆಗ್ತದ’ ಎಂಬ ಮಾತಿಗೆ ತಲೆಯಾಡಿಸಬೇಡಿ. ಇನ್ನು ಧಕ್ಕೆ, ಯಾರ್ಡ್, ಸಿಎಫ್‌ಎಸ್ ವಿವರ ಬೇಕೆಂದರೆ ಆಯಾ ಕಸ್ಟಮ್ಸ್ ಹೌಸ್‌ನ ಪಬ್ಲಿಕ್ ನೋಟಿಸ್ ತೆಗೆಯಬೇಕು. ಅಂಥ ನೋಟಿಸ್‌ನಲ್ಲಿ ಜಾಗದ ಎಲ್ಲೆ, ಚದರ ಮೀಟರ್ ಲೆಕ್ಕ, ಕಸ್ಟೋಡಿಯನ್ ಹೆಸರು, ಷರತ್ತು ಬರೆದಿರುತ್ತದೆ. ಮಾಹಿತಿ ಪುಕ್ಕಟೆ, ನಂಬಿಕಸ್ತ. ಹುಡುಕುವುದು ಮಾತ್ರ ತ್ರಾಸು: ಮೂಲ ಅಧಿಸೂಚನೆ ಒಂದು ಕಡೆ, ತಿದ್ದುಪಡಿ ಇನ್ನೊಂದು ಕಡೆ, ನೋಟಿಸ್ ಮತ್ತೊಂದು ಜಾಲತಾಣದಲ್ಲಿ. ಕನ್ನಡದಲ್ಲಂತೂ ಒಂದು ಸಾಲೂ ಇಲ್ಲ. ತೊಗರಿಯ ಇಷ್ಟು ದೊಡ್ಡ ಪೇಟೆ ಇರುವ ಸೀಮೆಗೆ ಇದು ನಿಜವಾದ ಕೊರತೆ.

ಜಾಗ ಗುರುತಿಸುವ ಸುಲಭ ಉಪಾಯ ಹಡಗು ಕಂಪನಿ ಕೊಡುವ ಸರಕಿನ ರಶೀದಿ, ಅಂದರೆ ಬಿಲ್ ಆಫ್ ಲೇಡಿಂಗ್‌ನಲ್ಲೇ ಇದೆ. ಕಸ್ಟಮ್ಸ್ ಕೋಡ್ ಆರು ಅಕ್ಷರದ್ದು. ಮೊದಲೆರಡು ‘ಐಎನ್’ ಅಂದರೆ ಭಾರತ, ಮುಂದಿನ ಮೂರು ಊರಿನ ಗುರುತು, ಕೊನೆಯ ಅಂಕಿ ಜಾಗದ ಬಗೆ. 1 ಇದ್ದರೆ ಸಮುದ್ರ ಬಂದರು, 4 ಇದ್ದರೆ ವಿಮಾನ ನಿಲ್ದಾಣ, 6 ಇದ್ದರೆ ಐಸಿಡಿ. ನ್ಹಾವಾ ಶೇವಾ ‘ಐಎನ್‌ಎನ್‌ಎಸ್‌ಎ1’, ಮುಂಬೈ ‘ಐಎನ್‌ಬಿಒಎಂ1’, ಚೆನ್ನೈ ‘ಐಎನ್‌ಎಂಎಎ1’, ಸನತ್‌ನಗರ ‘ಐಎನ್‌ಎಸ್‌ಎನ್‌ಎಫ್6’. ‘ಬಾಂಬೆ’ ಎಂದು ಬಾಯಲ್ಲಿ ಹೇಳಿದರೆ ಮೊದಲ ಎರಡರಲ್ಲಿ ಯಾವುದೂ ಆಗಬಹುದು, ಎರಡಕ್ಕೂ ಬೇರೆ ಬೇರೆ ಕಸ್ಟಮ್ಸ್ ಹೌಸ್. ಬಿಲ್ ಆಫ್ ಲೇಡಿಂಗ್‌ನಲ್ಲಿ ಇಳಿಸುವ ಬಂದರು ಒಂದು ಚೌಕದಲ್ಲಿ, ಕೊನೆಯ ವಿತರಣೆಯ ಜಾಗ ಇನ್ನೊಂದು ಚೌಕದಲ್ಲಿ ಇರುತ್ತದೆ. ಕರಡು ಪ್ರತಿ ಬಂದಾಗ ಆ ಎರಡನೇ ಚೌಕವನ್ನು ನೀವೇ ಕಣ್ಣಾರೆ ನೋಡಿ.

ಈಗ ಸೇವೆಗಳಿಗೆ ಬರೋಣ. ಡಿಪಿಡಿಯಲ್ಲಿ ಕಂಟೈನರ್ ಹಡಗಿನಿಂದ ಟರ್ಮಿನಲ್ ಯಾರ್ಡಿಗೆ ಇಳಿದು, ಸಿಎಫ್‌ಎಸ್ ಮುಖ ನೋಡದೆ ನೇರ ನಿಮ್ಮ ಟ್ರೇಲರ್ ಏರುತ್ತದೆ. ಮೂರರಲ್ಲಿ ವೇಗದ್ದು ಇದೇ, ಸಿಎಫ್‌ಎಸ್‌ನ ಎತ್ತುವ, ಇಳಿಸುವ, ಸಾಗಿಸುವ ಖರ್ಚು ಪೂರ್ತಿ ಉಳಿತಾಯ. ಆದರೆ ಸಾಮಾನ್ಯವಾಗಿ 48 ಗಂಟೆಯೊಳಗೆ ಎತ್ತಬೇಕು, ತಪ್ಪಿದರೆ ಕಂಟೈನರನ್ನು ಗೊತ್ತುಮಾಡಿದ ಸಿಎಫ್‌ಎಸ್‌ಗೆ ದಬ್ಬುತ್ತಾರೆ, ಉಳಿಸಿದ ಖರ್ಚು ಮತ್ತೆ ತಲೆ ಮೇಲೆ. ಕಾಳಿನ ಬಾಬತ್ತಿನಲ್ಲಿ ಈ 48 ಗಂಟೆ ಬಿಗಿ. ಪ್ಲಾಂಟ್ ಕ್ವಾರಂಟೈನ್‌ನವರು (ಹುಳ, ಸಸ್ಯರೋಗ ತಪಾಸಣೆಯವರು) ನೋಡಬೇಕು, ಆಹಾರ ಸುರಕ್ಷತಾ ಪ್ರಾಧಿಕಾರ ಮಾದರಿ ತೆಗೆಯಬಹುದು. ಮಾದರಿ ಪ್ರಯೋಗಾಲಯಕ್ಕೆ ಹೋಯಿತೆಂದರೆ ಗಡಿಯಾರ ನಿಮ್ಮ ಕೈಲಿಲ್ಲ. ಹೀಗಾಗಿ ತೊಗರಿಯ ಮಟ್ಟಿಗೆ ಡಿಪಿಡಿಯನ್ನು ನಾವು ಪೂರ್ತಿ ಶಿಫಾರಸು ಮಾಡುವುದಿಲ್ಲ. ಮಿಲ್ಲಿನ ಯಂತ್ರ, ಬಿಡಿಭಾಗ, ಸೋರ್ಟೆಕ್ಸ್ (ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರ) ತರಿಸುವವರಿಗೆ ಕಣ್ಣುಮುಚ್ಚಿ ಹೇಳಬಹುದು.

ಯಾವ ದಾರಿ ಹಿಡಿದರೂ ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ, ಮೊದಲೇ ಹಾಕಬೇಕು. ಸಮುದ್ರ ಬಂದರಿಗೆ ಹಡಗು ತಲುಪುವ ಹಿಂದಿನ ದಿನ ಮುಗಿಯುವುದರೊಳಗೆ. ಬರ್ಮಾ, ಶ್ರೀಲಂಕಾದಂಥ ಹತ್ತಿರದ ದೇಶಗಳಿಂದ ಬಂದರೆ ತಲುಪಿದ ದಿನದೊಳಗೆ. ಆಫ್ರಿಕಾ ಮಾಲಿಗೆ ಬರ್ಮಾದ ರೂಢಿ ಹಿಡಿದು ಒಂದು ದಿನ ತಪ್ಪಿಸುವುದು ಸಾಮಾನ್ಯ ತಪ್ಪು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ಐದು ದಿನ ತಡ ಅಂದರೆ 35,000. ಒಂದೇ ಕಂಟೈನರ್, 24 ಟನ್ ಮಾಲು ಇದ್ದರೆ ಕ್ವಿಂಟಲ್‌ಗೆ ಸುಮಾರು 146 ರೂಪಾಯಿ. ಕ್ವಿಂಟಲ್‌ಗೆ ಐವತ್ತು ರೂಪಾಯಿಗಾಗಿ ಗಂಜ್‌ನಲ್ಲಿ ಅರ್ಧ ದಿನ ಕೂರುವವರು ಇದನ್ನು ಹೇಗೆ ಬಿಡುತ್ತಾರೋ.

ಸಿಎಫ್‌ಎಸ್ ದಾರಿ ತುಟ್ಟಿ, ಆದರೆ ಕಾಳಿಗೆ ಹೊಂದುತ್ತದೆ. ಅಲ್ಲಿ ತೆರೆದು ನೋಡಲು, ಮಾದರಿ ತೆಗೆಯಲು, ಬೇಕಿದ್ದರೆ ಹುಳ ಸಾಯಲು ಮತ್ತೆ ಹೊಗೆ ಹಾಕಲು ಜಾಗ ಇದೆ. ಎಲ್ಲಕ್ಕಿಂತ ಮುಖ್ಯ, ಕಂಟೈನರ್ ಅಲ್ಲೇ ಖಾಲಿ ಮಾಡಿ ಮಾಲನ್ನು ಸಾದಾ ಲಾರಿಗೆ ತುಂಬಬಹುದು. ಹಾಗೆ ಮಾಡದೆ ತುಂಬಿದ ಕಂಟೈನರನ್ನೇ ಕಲಬುರಗಿಯ ಕಪನೂರಿಗೆ ತಂದರೆ, ಖಾಲಿ ಡಬ್ಬವನ್ನು ಮತ್ತೆ ಸುಮಾರು ಐನೂರು ಕಿಲೋಮೀಟರ್ ದೂರದ ನ್ಹಾವಾ ಶೇವಾಕ್ಕೆ ಮುಟ್ಟಿಸಬೇಕು, ಬಾಡಿಗೆ ಎರಡು ಕಡೆಯದೂ ನಿಮ್ಮದೇ. 24 ಟನ್ ಅಂದರೆ 50 ಕಿಲೋದ 480 ಚೀಲ. ಹಮಾಲರು ಕೊಕ್ಕೆ ಹಾಕಿದ ಚೀಲ ದಾರಿಯುದ್ದಕ್ಕೂ ಕಾಳು ಸುರಿಸುತ್ತ ಬರುತ್ತದೆ, ‘ಕೊಕ್ಕೆ ಬೇಡ’ ಎಂದು ಕೆಲಸದ ಆದೇಶದಲ್ಲೇ ಬರೆಸಿ, ನೂರಕ್ಕೆ ಎರಡರಂತೆ ಖಾಲಿ ಚೀಲ ಜೊತೆಗೆ ಕಳಿಸಿ.

ಸಿಎಫ್‌ಎಸ್ ಬಿಲ್ಲಿನ ಬಾಡಿಗೆ ಒಂದು, ಡಬ್ಬ ತಡವಾಗಿ ಮರಳಿಸಿದ್ದಕ್ಕೆ ಹಡಗು ಕಂಪನಿ ಹಾಕುವ ಕಂಟೈನರ್ ಡಿಟೆನ್ಷನ್ ಇನ್ನೊಂದು. ಎರಡಕ್ಕೂ ಪುಕ್ಕಟೆ ದಿನಗಳ ಲೆಕ್ಕ ಬೇರೆ, ಎಣಿಕೆ ಶುರುವಾಗುವ ದಿನವೂ ಬೇರೆ. ಇಲ್ಲಿ ಒಂದು ಹಕ್ಕು ಬಹಳ ಜನರಿಗೆ ಗೊತ್ತಿಲ್ಲ. ಕಸ್ಟಮ್ಸ್ ಅಧಿಕಾರಿ ಜಪ್ತಿ ಮಾಡಿದ ಅಥವಾ ತಡೆಹಿಡಿದ ಮಾಲಿಗೆ, ಬೇರೆ ಕಾನೂನು ಅಡ್ಡ ಬರದಿದ್ದರೆ, ಕಸ್ಟೋಡಿಯನ್ ಬಾಡಿಗೆ ಅಥವಾ ಡೆಮರೇಜ್ (ಮಾಲು ತಡವಾಗಿ ನಿಂತದ್ದಕ್ಕೆ ಶುಲ್ಕ) ಕೇಳುವಂತಿಲ್ಲ ಎಂದು 2009ರ ನಿಯಮಗಳ 6(1)(ಎಲ್) ಹೇಳುತ್ತದೆ. ಇದು ಬಾಯಿಮಾತಿಗೆ ಸಿಗುವುದಿಲ್ಲ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ತಡೆದಿದ್ದೆವು ಎಂದು ಕಸ್ಟಮ್ಸ್‌ನಿಂದ ಬರಹದಲ್ಲಿ ಪ್ರಮಾಣಪತ್ರ ಪಡೆದು, ಬಿಲ್ ಕಟ್ಟುವ ಮುಂಚೆ ಕೊಡಬೇಕು. ನಿಮ್ಮ ಕಾಗದ ತಡವಾಗಿ ನಿಂತ ದಿನಗಳಿಗೆ ಇದು ಅನ್ವಯಿಸದು.

ಐಸಿಡಿ ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗೂ ಭೌಗೋಳಿಕವಾಗಿ ಒಪ್ಪುವ ದಾರಿ. ಸನತ್‌ನಗರ ಕಲಬುರಗಿಗೆ ಸುಮಾರು 220 ಕಿಲೋಮೀಟರ್, ಬೀದರಿಗೆ ಅದಕ್ಕಿಂತ ಹತ್ತಿರ. ಬೆಳಿಗ್ಗೆ ಹೋಗಿ ಪರೀಕ್ಷೆ ಮುಗಿಸಿ ರಾತ್ರಿ ಮನೆ ಸೇರಬಹುದು. ಕಂಟೈನರ್ ಮಿಲ್ಲಿಗೇ ತಂದು, ಖಾಲಿ ಡಬ್ಬ ಹೈದರಾಬಾದಿಗೆ ಮುಟ್ಟಿಸಿದರೆ ಸಾಕು. ಖಾಲಿ ಒಪ್ಪಿಸುವ ಜಾಗ ಹೈದರಾಬಾದೇ ಎಂದು ಹಡಗು ಕಂಪನಿಯಿಂದ ಬರೆಸಿಕೊಂಡಿರಬೇಕು ಅಷ್ಟೆ. ಬಂದರಿನಿಂದ ಐಸಿಡಿಗೆ ಮಾಲು ಸಾಗುವುದು ಟ್ರಾನ್ಸ್‌ಶಿಪ್‌ಮೆಂಟ್ (ಒಂದು ಕಸ್ಟಮ್ಸ್ ಜಾಗದಿಂದ ಇನ್ನೊಂದಕ್ಕೆ ದಾಟಿಸುವ) ಪರವಾನಗಿ ಮೇಲೆ. ಬಿಲ್ ಆಫ್ ಲೇಡಿಂಗ್‌ನ ಎರಡನೇ ಚೌಕದಲ್ಲಿ ಐಸಿಡಿ ಹೆಸರಿದ್ದರೆ ಅದು ತನ್ನಷ್ಟಕ್ಕೆ ನಡೆಯುತ್ತದೆ. ಅಲ್ಲಿ ನ್ಹಾವಾ ಶೇವಾ ಎಂದೇ ಬಿದ್ದಿದ್ದರೆ ಹಡಗು ಕಂಪನಿ ಕಸ್ಟಮ್ಸ್ ಮುಂದೆ ಆಮದು ಪಟ್ಟಿಯ ತಿದ್ದುಪಡಿ ಹಾಕಬೇಕು. ಅರ್ಜಿ, ಶುಲ್ಕ, ಅನುಮತಿ, ಅಷ್ಟರಲ್ಲಿ ಧಕ್ಕೆಯ ಬಾಡಿಗೆ ಏರುತ್ತಿರುತ್ತದೆ. ಸೌದೆಯಲ್ಲಿ ಒಂದು ಸಾಲು ಬರೆದಿದ್ದರೆ ತಪ್ಪುತ್ತಿದ್ದ ಖರ್ಚು. ಐಸಿಡಿಯ ದೌರ್ಬಲ್ಯ ರೈಲು. ಗಾಡಿಗೆ ಸಾಕಷ್ಟು ಕಂಟೈನರ್ ಕೂಡುವವರೆಗೆ ನಿಮ್ಮದು ಬಂದರಿನಲ್ಲೇ ಕಾಯುತ್ತದೆ. ದರ ಏರುವ ಹೊತ್ತಿಗೆ ಮಾಲು ಕೈಗೆ ಬೇಕೆನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಕಾದಷ್ಟೂ ಕಾಳಿಗೆ ಕೇಡು. ಹಗಲ ಬಿಸಿಲಿಗೆ ಕಾಳಿನ ತೇವ ಮೇಲೆದ್ದು, ರಾತ್ರಿ ತಂಪಿಗೆ ಕಂಟೈನರ್ ಚಾವಣಿಯಲ್ಲಿ ಹನಿಗಟ್ಟಿ, ಮೇಲಿನ ಸಾಲಿನ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ತೆರೆದಾಗ ಮೇಲಿನ ಚೀಲದ ಬೆನ್ನಲ್ಲಿ ದುಂಡಗಿನ ಕಂದು ಕಲೆ, ಒಳಗೆ ಮುಗ್ಗಲು ವಾಸನೆ ಇದ್ದರೆ ಕಾರಣ ಇದೇ, ಮಳೆ ನೀರಲ್ಲ. ತುಂಬುವಾಗಲೇ ಒಳಗೋಡೆಗೆ ಕ್ರಾಫ್ಟ್ ಕಾಗದ ಹೊದಿಸಿ, ತೇವ ಹೀರುವ ಚೀಲ ತೂಗುಹಾಕಿಸಬೇಕು.

ಇನ್ನೊಂದು ಪಟ್ಟಿ ಇದೆ. ಕಸ್ಟಮ್ಸ್ ಒಪ್ಪಿದ ಜಾಗ ಅಂದಮಾತ್ರಕ್ಕೆ ಕಾಳು ಅಲ್ಲಿ ಇಳಿಯಬಹುದು ಎಂದಲ್ಲ; 2003ರ ಪ್ಲಾಂಟ್ ಕ್ವಾರಂಟೈನ್ ಆದೇಶ ತನ್ನದೇ ಪ್ರವೇಶ ಸ್ಥಳಗಳನ್ನು ಹೆಸರಿಸಿದೆ. ನಿಮ್ಮ ಜಾಗ ಎರಡೂ ಪಟ್ಟಿಯಲ್ಲಿ ಇರಬೇಕು. ಹೊರಡುವ ದೇಶದಲ್ಲೇ ಹೊಗೆ ಹಾಕಿದ ವಿವರ ಫೈಟೋಸ್ಯಾನಿಟರಿ ಪತ್ರದಲ್ಲಿ, ಅಂದರೆ ಆ ದೇಶ ಕೊಡುವ ಸಸ್ಯ ಆರೋಗ್ಯ ಪ್ರಮಾಣಪತ್ರದಲ್ಲಿ, ನಮೂದಾಗಿರಬೇಕು. ಕಾಳಿಗೆ ಸಾಮಾನ್ಯ ಪ್ರಮಾಣ ಘನ ಮೀಟರಿಗೆ 32 ಗ್ರಾಂ ಮೀಥೈಲ್ ಬ್ರೋಮೈಡ್, 21 ಡಿಗ್ರಿ ಉಷ್ಣಾಂಶದಲ್ಲಿ 24 ಗಂಟೆ. 20 ಅಡಿ ಕಂಟೈನರ್ ಒಳಗಾತ್ರ ಸುಮಾರು 33 ಘನ ಮೀಟರ್, ಅಂದರೆ ಒಂದು ಕಿಲೋಗಿಂತ ತುಸು ಹೆಚ್ಚು. ಪತ್ರದಲ್ಲಿ ಪ್ರಮಾಣ, ಗಂಟೆ, ಕಂಟೈನರ್ ಸಂಖ್ಯೆ ಮೂರರಲ್ಲಿ ಒಂದು ಬಿಟ್ಟುಹೋದರೂ ಬಂದರಿನಲ್ಲಿ ಮಾಲು ಕೂತಂತೆಯೇ.

ಬೀದರಿನ ಕೊಳಾರ, ಹುಮನಾಬಾದ್, ಯಾದಗಿರಿಯ ಕಡೇಚೂರಿನ ಔಷಧ ಘಟಕಗಳಿಗೂ ಇದೇ ಬಗೆಯ ಎರಡನೇ ಪಟ್ಟಿ ಇದೆ. ಔಷಧ ನಿಯಮಗಳ 43ಎ ಹೆಸರಿಸಿದ ಸ್ಥಳಗಳ ಮೂಲಕ ಮಾತ್ರ ಔಷಧ ಆಮದು ಮಾಡಬಹುದು. ದ್ರಾವಕ, ರಾಸಾಯನಿಕಕ್ಕೆ ಆ ಪಟ್ಟಿ ಇಲ್ಲ, ಕಸ್ಟಮ್ಸ್ ಒಪ್ಪಿದ ಜಾಗದಲ್ಲಿ ಇಳಿದೀತು. ಬಲ್ಕ್ ಡ್ರಗ್ (ಔಷಧದ ಮೂಲವಸ್ತು) ಎಂದು ವರ್ಗವಾಗುವ ಪುಡಿ ಹಾಗಲ್ಲ.

ನಮ್ಮ ತೀರ್ಪು ಹೀಗಿದೆ: ಒಂದೆರಡು ಕಂಟೈನರ್ ತರಿಸುವ ಮಿಲ್ಲಿಗೆ, ಅವಸರ ಇಲ್ಲದಿದ್ದರೆ, ಪ್ಲಾಂಟ್ ಕ್ವಾರಂಟೈನ್ ಪಟ್ಟಿಯಲ್ಲಿ ಆ ಜಾಗ ಇದೆಯೆಂದು ಖಾತ್ರಿ ಮಾಡಿಕೊಂಡು ಐಸಿಡಿ. ಐದಕ್ಕಿಂತ ಹೆಚ್ಚಿದ್ದು, ಲಾರಿ ಮಾತಾಡಿಟ್ಟಿದ್ದರೆ ಸಿಎಫ್‌ಎಸ್. ನಮ್ಮದೇ ರಾಜ್ಯದ ನವಮಂಗಳೂರು ಬಂದರು ಮನಸ್ಸಿಗೆ ಹತ್ತಿರ, ಆದರೆ ಕಲಬುರಗಿಯಿಂದ ಘಟ್ಟ ಇಳಿದು ಏರುವ ದಾರಿಯ ಬಾಡಿಗೆ ಲೆಕ್ಕ ಹಾಕಿದರೆ ತೊಗರಿಗೆ ಹೊಂದುವುದಿಲ್ಲ.

ಕಳವಿನ ವಿಷಯಕ್ಕೆ ಬಂದರೆ, ಕಸ್ಟೋಡಿಯನ್ ವಶದಲ್ಲಿದ್ದಾಗ ಮಾಲು ಕದ್ದುಹೋದರೆ ಅದರ ಸುಂಕವನ್ನು ಅವರೇ ಕಟ್ಟಬೇಕು ಎಂದು 45(3) ಹೇಳುತ್ತದೆ. ಸುಂಕ ಇಲ್ಲದ ಅವಧಿಯಲ್ಲಿ ಬಂದ ತೊಗರಿಗೆ ಆ ಸಾಲಿನಿಂದ ನಿಮಗೆ ಬಿಡಿಗಾಸೂ ಬರುವುದಿಲ್ಲ, ವಿಮೆಯೊಂದೇ ಆಧಾರ. ವಿಮೆಯವರು ಕೇಳುವುದು ಗೇಟ್ ದಾಟುವ ಮುಂಚಿನ ಜಂಟಿ ಸರ್ವೆ ವರದಿ. ಆದ್ದರಿಂದ ಸೀಲ್ ಸಂಖ್ಯೆಯನ್ನು ಬಿಲ್ ಆಫ್ ಲೇಡಿಂಗ್ ಜೊತೆ ಅಂಕಿ ಅಂಕಿ ತಾಳೆ ನೋಡಿ, ಬಾಗಿಲಿನ ಹಿಡಿಕೆಯ ರಿವೆಟ್‌ಗೆ ಹೊಸ ಬಣ್ಣ ಬಳಿದಿದೆಯೇ (ಬಿಚ್ಚಿ ಮತ್ತೆ ಕೂಡಿಸಿರಬಹುದು) ಪರೀಕ್ಷಿಸಿ, ಅಲ್ಲಿನ ಕಾಟಾ (ತೂಕದ) ಚೀಟಿ ತೆಗೆದುಕೊಂಡು ಹೊರಡಿಸಿ. ಕಂಟೈನರ್ ಮಿಲ್ಲಿಗೇ ಬಂದರೆ, ಮಿಲ್ಲಿನ ಕಾಟಾದಲ್ಲಿ ತೂಗಿದ ಮೇಲೆಯೇ ಸೀಲ್ ಕತ್ತರಿಸಿ, ಕತ್ತರಿಸಿದ ತುಂಡನ್ನು ಬಿಲ್ಟಿ (ಲಾರಿ ರಶೀದಿ) ಜೊತೆ ಇಟ್ಟುಕೊಳ್ಳಿ.